ನಮ್ಮ ಮನೆಯ ಆಮೆಯ ಹೆರಿಗೆ

ಆಮೆಯನ್ನು ಸಾಕಬೇಕೆಂಬ ಅಭಿಲಾಷೆ ನನಗೆ ಎಂದೂ ಇದ್ದುದಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಕೂರ್ಮವೆಂಬುದು ಮುಖ್ಯವಾಗಿ ಒಂದು ಶಬ್ದವಾಗಿತ್ತು. ಮಂದರಪರ್ವತವನ್ನು ಬೆನ್ನಮೇಲೆ ಹೊತ್ತ ಅವತಾರವಾಗಿ, ಇಂದ್ರಿಯಗಳನ್ನು ಒಳಕ್ಕೆಳೆದುಕೊಂಡ ಸ್ಥಿತಪ್ರಜ್ಞನಿಗೆ ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಉಪಮಾನವಾಗಿ ಅದರ ಪರಿಚಯ ನನಗಿತ್ತು. ಅದಕ್ಕೂ ಹಸಿವು ನೀರಡಿಕೆಗಳುಂಟು, ಹೆಣ್ಣಾದರೆ ಹೆರಿಗೆಯ ಸಂಕಟವೂ ಉಂಟು ಎಂಬ ಯೋಚನೆ ಮಾತ್ರ ಬಂದಿರಲಿಲ್ಲ.

2015ರಲ್ಲಿ ನನ್ನ ಮಗಳ ಮಗನು ಹಟಮಾಡಿ ಒಂದು ಆಮೆಯ ಮರಿಯನ್ನು ಕೊಳ್ಳಿಸಿಕೊಂಡನು. ಆಗ ಅದು ರೂಪಾಯಿನ ನಾಣ್ಯಕ್ಕಿಂತ ಕೊಂಚ ದೊಡ್ಡದು. ಹಸುರು ಮೈ, ಕಣ್ಣಿನ ಹಿಂದೆ ಎರಡೂ ಕಡೆ ಕುಂಕುಮದ ಗೀಟಿನಂಥ ಕೆಂಪು ಪಟ್ಟೆ. ಅಮೆರಿಕಾ ಖಂಡದ ಮಿಸಿಸಿಪ್ಪಿ ನದಿಯ ಸೀಮೆ ಅದರ ತೌರು. ನಮ್ಮ ನಾಡಿನ ನಕ್ಷತ್ರದ ಆಮೆ ಮೊದಲಾದವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವಾದ್ದರಿಂದ ಅಂಗಡಿಗಳವರು ಈ ಪರದೇಶದ ಜಾತಿಯನ್ನು ಮಾರುತ್ತಾರೆ. "ಇದು ಇಷ್ಟೇ ಇರುತ್ತೆ ಸ್ವಾಮಿ, ಬೆಳೆಯೋದಿಲ್ಲ" ಎಂದು ಅಂಗಡಿಯವನು ಆಣೆಯಿಟ್ಟಂತೆ ಹೇಳಿದನು. ಅದು ಆರೇಳು ವರ್ಷಗಳಲ್ಲಿ ಗೇಣುದ್ದಕ್ಕೆ ಬೆಳೆಯಿತು. 2021ರಲ್ಲಿ ಅಳಿಯನಿಗೆ ಪುಣೆಗೆ ವರ್ಗವಾದಾಗ ಹುಡುಗನು ಕಣ್ಣೀರು ಹಾಕುತ್ತ ಅದನ್ನು ಗಾಜಿನ ತೊಟ್ಟಿಯ ಸಮೇತ ಮೈಸೂರಿನ ನಮ್ಮ ಮನೆಗೆ ತಂದು, "ತಾತಾ, ಇದನ್ನ ಸಾಯಕ್ಕೆ ಬಿಡಬೇಡ" ಎಂದು ನನ್ನ ಕೈಗೊಪ್ಪಿಸಿ ಹೋದನು.

ನಾನು ಅದಕ್ಕೆ ಕಮಠನೆಂದು ನಾಮಕರಣ ಮಾಡಿದೆನು. ಶಾಕಾಹಾರಿಗಳ ಮನೆಯಾದರೂ ಅದರ ಒಣ ಸೀಗಡಿಯ ಡಬ್ಬಿಗೆ ಹಿತ್ತಲ ಬಾಗಿಲಾಚೆ ಒಂದು ಗೂಡು ಏರ್ಪಾಟಾಯಿತು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕೆಂಬ ನಿಯಮವನ್ನು ನನ್ನ ಮನೆಯಾಕೆ ಮಡಿಯ ನಿಮಿತ್ತ ತಂದಳು. ಈ ಪ್ರಾಣಿಗಳಿಂದ ಸಾಲ್ಮೊನೆಲ್ಲವೆಂಬ ರೋಗಾಣು ಮನುಷ್ಯರಿಗೆ ಅಂಟುವುದರಿಂದಲೇ ಅಮೆರಿಕಾದಲ್ಲಿ 1975ರಲ್ಲಿ ಸಣ್ಣ ಆಮೆಗಳ ಮಾರಾಟವನ್ನು ನಿಷೇಧಿಸಿದರೆಂದು ಆಮೇಲೆ ತಿಳಿಯಿತು. ಆಕೆಯ ಮಡಿಗೂ ಆ ಸರ್ಕಾರದ ಕಟ್ಟಳೆಗೂ ಹೀಗೆ ಹೊಂದಿಕೆಯಾಯಿತು.

2023ರ ಫೆಬ್ರವರಿಯಲ್ಲಿ ಕಮಠನು ಆಹಾರವನ್ನು ಬಿಟ್ಟನು. ಮೊದಲು ಅರ್ಧ ತಿಂದು ಬಿಡುವುದು, ಆಮೇಲೆ ಮೂಸಿಯೂ ನೋಡದಿರುವುದು. ಕಲ್ಲಿನ ಮೇಲೆ ಗಂಟೆಗಟ್ಟಲೆ ಮಲಗುತ್ತಿದ್ದ ಪ್ರಾಣಿ ಈಗ ಹಗಲೂ ರಾತ್ರಿಯೂ ಗಾಜನ್ನು ಪರಚುತ್ತ ತೊಟ್ಟಿಯ ಸುತ್ತ ತಿರುಗುವುದಕ್ಕೆ ಮೊದಲಾಯಿತು. ನಟ್ಟಿರುಳಿನಲ್ಲಿ ಆ ಕರಕರ ಶಬ್ದ ನಮ್ಮ ಮಲಗುವ ಕೋಣೆಗೆ ಕೇಳಿಸುತ್ತಿತ್ತು. ನೀರು ಬದಲಾಯಿಸಿದೆನು, ಬಸಳೆಯ ಎಲೆ, ಸೌತೆಯ ಹೋಳು, ಏನು ಹಾಕಿದರೂ ಪ್ರಯೋಜನವಾಗಲಿಲ್ಲ.

ನಾಲ್ಕನೆಯ ದಿನ ನನ್ನ ಮನೆಯಾಕೆ ಹೂ ಕಟ್ಟುತ್ತ ಕುಳಿತಿದ್ದವಳು ತೊಟ್ಟಿಯ ಕಡೆ ನೋಡಿ, "ಇದು ಬಸುರಿ ಅಂದ್ರೆ. ಜಾಗ ಹುಡುಕ್ತಾ ಇದೆ" ಎಂದಳು.

ನಾನು ನಕ್ಕೆನು. ಎಂಟು ವರ್ಷದಿಂದ ಈ ಪ್ರಾಣಿ ಒಂಟಿಯಾಗಿ ಬೆಳೆದಿದೆ, ಇನ್ನೊಂದು ಆಮೆಯ ಮುಖವನ್ನೇ ಕಂಡಿಲ್ಲ, ಕಾರಣವಿಲ್ಲದೆ ಕಾರ್ಯ ಹೇಗೆ ಸಂಭವಿಸೀತು ಎಂದು ತರ್ಕಶಾಸ್ತ್ರದ ಮಾತನ್ನು ಹೇಳಿದೆನು. ಅವಳು ದಾರವನ್ನು ಹಲ್ಲಿನಿಂದ ಕಡಿದು, "ನಮ್ಮೂರಲ್ಲಿ ಒಕ್ಕಲಿನವರ ಮನೇಲಿ ಹುಂಜ ಇಲ್ದೇನೂ ಕೋಳಿ ಮೊಟ್ಟೆ ಇಡ್ತಿತ್ತು. ಮರಿ ಆಗ್ತಿರಲಿಲ್ಲ, ಅಷ್ಟೆ. ನಿಮ್ಮ ಶಾಸ್ತ್ರ ಕೇಳಿಕೊಂಡು ಇಡ್ತಿತ್ತೇ?" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೂ ಒಪ್ಪಿಕೊಳ್ಳದಿರುವುದು ಉಪಾಧ್ಯಾಯವೃತ್ತಿಯಿಂದ ಬರುವ ಒಂದು ದೋಷ. ಅಜೀರ್ಣವೆಂದು ನಿಶ್ಚಯಿಸಿ ಇನ್ನೂ ಹತ್ತು ದಿನಗಳನ್ನು ಕಳೆದೆನು.

ಹದಿನಾಲ್ಕನೆಯ ದಿನ ಅದು ಪರಚುವುದನ್ನು ನಿಲ್ಲಿಸಿತು. ಮೊದಲು ಸಮಾಧಾನವೇ ಆಯಿತು. ಹತ್ತಿರ ಹೋಗಿ ನೋಡಿದರೆ ಕಣ್ಣು ಅರ್ಧ ಮುಚ್ಚಿತ್ತು. ಎತ್ತಿದಾಗ ಕಾಲುಗಳನ್ನು ಒಳಕ್ಕೆ ಸೆಳೆದುಕೊಳ್ಳಲಿಲ್ಲ, ಜೋಲುಬಿಟ್ಟಿತು. ಗೀತೆಯ ಕೂರ್ಮ ಅಂಗಗಳನ್ನು ಒಳಕ್ಕೆಳೆದುಕೊಳ್ಳುತ್ತದೆಂದು ಎಷ್ಟು ತರಗತಿಗಳಿಗೆ ವಿವರಿಸಿದ್ದೆನೋ ಲೆಕ್ಕವಿಲ್ಲ. ಎಳೆದುಕೊಳ್ಳಲಾರದ ಕೂರ್ಮವನ್ನು ಕೈಯಲ್ಲಿ ಹಿಡಿದದ್ದು ಅಂದೇ. ಹುಡುಗನು ಹೋಗುವಾಗ ಆಡಿದ ಮಾತು ನೆನಪಾಯಿತು. ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒದ್ದೆಬಟ್ಟೆಯನ್ನು ಹಾಸಿ ಅದನ್ನು ಮಲಗಿಸಿಕೊಂಡು ಆಟೋ ಹತ್ತಿದೆವು.

ಪಶುವೈದ್ಯೆ ಮೂವತ್ತರ ಹರೆಯದ ಹೆಣ್ಣುಮಗಳು. ಹಿಂಗಾಲಿನ ಮುಂದಿರುವ ಮೆತ್ತನೆಯ ಜಾಗದಲ್ಲಿ ಬೆರಳಿಟ್ಟು ನೋಡಿ, ಕ್ಷ-ಕಿರಣದ ಚಿತ್ರವನ್ನು ತೆಗೆಸಿದಳು. ಚಿಪ್ಪಿನೊಳಗೆ ಒತ್ತಾಗಿ ಸೇರಿಕೊಂಡಿದ್ದ ಒಂಬತ್ತು ಬಿಳಿಯ ಅಂಡಾಕೃತಿಗಳು ಅದರಲ್ಲಿ ಕಾಣಿಸಿದುವು. ನನ್ನ ಮನೆಯಾಕೆ ನನ್ನ ಮುಖವನ್ನು ನೋಡಲಿಲ್ಲ. ನೋಡದಿದ್ದದ್ದು ಅವಳ ದೊಡ್ಡತನ. "ಗಂಡಾಗಿದ್ದರೆ ಮುಂಗಾಲಿನ ಉಗುರು ಉದ್ದವಾಗಿರುತ್ತೆ ಸಾರ್, ಮೈಯೂ ಇಷ್ಟು ದೊಡ್ಡದಾಗಲ್ಲ" ಎಂದು ವೈದ್ಯೆ ಮೊಟಕಾದ ಉಗುರುಗಳನ್ನು ತೋರಿಸಿದಳು. ಪುಲ್ಲಿಂಗ ಸ್ತ್ರೀಲಿಂಗಗಳನ್ನು ತಪ್ಪಿದ ಹುಡುಗರ ಕಿವಿಯನ್ನು ಹಿಂಡಿದ್ದ ನಾನು ಎರಡು ವರ್ಷ ಒಂದು ಹೆಣ್ಣನ್ನು ಪುಲ್ಲಿಂಗದಲ್ಲಿ ಕರೆದಿದ್ದೆನು.

ವೈದ್ಯೆಯು ವಿವರಿಸಿದ್ದನ್ನು, ಇಂಥ ಪ್ರಾಣಿಯನ್ನು ಸಾಕಿರುವ ಗೃಹಸ್ಥರ ಉಪಯೋಗಾರ್ಥವಾಗಿ, ಇಲ್ಲಿ ಹೇಳುತ್ತೇನೆ. ಆಮೆ ನೀರಿನಲ್ಲಿ ವಾಸಮಾಡಿದರೂ ಮೊಟ್ಟೆಯನ್ನು ನೆಲದಲ್ಲಿಯೇ ಇಡಬೇಕು. ಹಿಂಗಾಲುಗಳಿಂದ ಗುಂಡಿಯನ್ನು ತೋಡುವುದಕ್ಕೆ ಮಣ್ಣು ಸಿಕ್ಕದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆಹಿಡಿಯುತ್ತದೆ, ವಾರಗಟ್ಟಲೆಯೂ ಹಿಡಿದೀತು. ಕಡೆಗೆ ಮೊಟ್ಟೆ ಒಳಗೇ ಒಡೆದು ನಂಜಾಗಿ ಪ್ರಾಣಹಾನಿಯಾಗುವುದುಂಟು. ಮೊಟ್ಟೆ ವಿಕಾರವಾಗಿ ದಾರಿಯಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಆಗಬೇಕು, ಇಲ್ಲಿ ಹಾಗಿರಲಿಲ್ಲ. ಇದಕ್ಕೆ ಬೇಕಾಗಿದ್ದದ್ದು ನೆಲ. ಎರಡನೆಯ ಕೊರತೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ. ಮೊಟ್ಟೆಯ ಚಿಪ್ಪಿಗೂ ಅದು ಬೇಕು, ಮೊಟ್ಟೆಯನ್ನು ನೂಕುವ ಸ್ನಾಯುಗಳ ಬಲಕ್ಕೂ ಬೇಕು. "ತೊಟ್ಟಿ ಕಿಟಕಿಯ ಪಕ್ಕದಲ್ಲೇ ಇದೆ, ಬೇಕಾದಷ್ಟು ಬಿಸಿಲು ಬೀಳುತ್ತೆ" ಎಂದೆನು. ಸುಣ್ಣದ ಅಂಶವನ್ನು ಮೈಗೆ ಹತ್ತಿಸುವ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದಂತೆ. ಬೆಳಕನ್ನು ಕೊಟ್ಟಿದ್ದೆವು, ಬಿಸಿಲನ್ನು ಕೊಟ್ಟಿರಲಿಲ್ಲ.

ಕ್ಯಾಲ್ಸಿಯಂ ಚುಚ್ಚುಮದ್ದನ್ನು ಕೊಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎರಡು ಸಲ ಬಿಡಬೇಕೆಂದೂ, ಮಣ್ಣು ಸಿದ್ಧಮಾಡಿ ಐದು ದಿನ ಕಾಯಬೇಕೆಂದೂ ಹೇಳಿದಳು. ಆಗಲೂ ಇಡದಿದ್ದರೆ ಆಕ್ಸಿಟೋಸಿನ್ ಕೊಡಬೇಕಾಗುತ್ತದೆ. ಹೆರಿಗೆಯ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಕೊಡುವ ಮದ್ದೇ ಅದು. ಮೊಟ್ಟೆ ಒಡೆದಿಲ್ಲ, ಅಡ್ಡ ಸಿಕ್ಕಿಲ್ಲ ಎಂದು ಚಿತ್ರದಲ್ಲಿ ಖಚಿತವಾಗದೆ ಆ ಮದ್ದನ್ನು ಕೊಡಕೂಡದೆಂದೂ ಎಚ್ಚರಿಸಿದಳು.

ಹಿತ್ತಲಲ್ಲಿ ನುಗ್ಗೆಯ ಮರದ ಬಳಿ ಮನೆಯಾಕೆಯ ಮೆಂತ್ಯದ ಪಾತಿಯಿತ್ತು. ಅವಳೇ ಅದನ್ನು ಕಿತ್ತು ಜಾಗ ಮಾಡಿದಳು. ನಾನು ಗುದ್ದಲಿಯಿಂದ ಒಂದು ಅಡಿ ಆಳ ಅಗೆದು, ಕಲ್ಲುಬೇರುಗಳನ್ನು ಆರಿಸಿ, ಮರಳನ್ನೂ ತೋಟದ ಮಣ್ಣನ್ನೂ ಬೆರಸಿ ತುಂಬಿದೆನು. ಸುತ್ತಲೂ ಹಲಗೆಗಳನ್ನು ನಿಲ್ಲಿಸಿ ಬೇಲಿ ಕಟ್ಟಿದ್ದಾಯಿತು. ಗ್ರಂಧಿಗೆ ಅಂಗಡಿಯಿಂದ ಸಮುದ್ರಫೇನವನ್ನು ತಂದು ಅದರ ಮುಂದಿಟ್ಟೆನು. ಹಳಬರು ಇದನ್ನು ಕಡಲ ನೊರೆ ಗಟ್ಟಿಯಾದದ್ದೆಂದು ತಿಳಿದು ಆ ಹೆಸರನ್ನಿಟ್ಟರು. ವಾಸ್ತವವಾಗಿ ಅದು ಕಟಲ್ ಮೀನೆಂಬ ಜಲಚರದ ಒಳಗಿನ ಎಲುಬು, ಬಹುಮಟ್ಟಿಗೆ ಸುಣ್ಣದ ಅಂಶವೇ.

ಮೊದಲನೆಯ ದಿನ ಆಮೆ ಮಣ್ಣನ್ನು ಮೂಸಿ ಸುಮ್ಮನಾಯಿತು. ಎರಡನೆಯ ದಿನ ಸಂಜೆ ತೋಡಲಾರಂಭಿಸಿತು. ಮೇಲಿನ ಮಣ್ಣು ಬಿಸಿಲಿಗೆ ಒಣಗಿದ್ದುದರಿಂದ ಗುಂಡಿಯ ಅಂಚು ಕುಸಿದು ಕುಸಿದು ಬಿದ್ದು, ಬಿಟ್ಟು ಹೋಯಿತು. ನೀರು ಚಿಮುಕಿಸಿದೆವು. ಮೂರನೆಯ ದಿನ ಮತ್ತೆ ತೋಡಿತು. ನಾನು ಟಾರ್ಚನ್ನು ಹಿಡಿದು ಬಗ್ಗಿದೆನು, ಕೂಡಲೇ ನಿಲ್ಲಿಸಿಬಿಟ್ಟಿತು. ನಾಲ್ಕನೆಯ ದಿನ ಸೂರ್ಯಾಸ್ತದ ಹೊತ್ತಿಗೆ ಮನೆಯಾಕೆ ನನ್ನನ್ನು ಒಳಗೆ ಕರೆದು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, "ಹೆರಿಗೆ ಕೋಣೆಗೆ ಗಂಡಸರು ಬರಬಾರದು" ಎಂದಳು.

ಆದರೂ ಅಡಿಗೆಮನೆಯ ಕಿಟಕಿಯಿಂದ ಬೆಳ್ದಿಂಗಳಿನಲ್ಲಿ ಕಾಣಿಸುತ್ತಿತ್ತು. ಅದು ಒಮ್ಮೆಯೂ ಹಿಂತಿರುಗಿ ನೋಡದೆ ಹಿಂಗಾಲುಗಳಿಂದಲೇ ತೋಡಿತು, ಬಲಗಾಲಿನಿಂದ ಒಂದು ಹಿಡಿ, ಎಡಗಾಲಿನಿಂದ ಒಂದು ಹಿಡಿ. ಮೈಯೊಳಗಿನ ನೀರನ್ನು ಬಿಟ್ಟು ಮಣ್ಣನ್ನು ತಾನೇ ನೆನೆಸಿಕೊಂಡಿತು. ಒಂದು ಗಂಟೆಗೂ ಮಿಕ್ಕು ಹೀಗೆ ನಡೆದು, ಆಮೇಲೆ ಕತ್ತನ್ನು ಚಾಚಿ ನಿಶ್ಚಲವಾಯಿತು. ನಾವಿಬ್ಬರೂ ದೀಪ ಆರಿಸಿ, ಮಾತಿಲ್ಲದೆ ನಿಂತಿದ್ದೆವು. ಒಲೆಯ ಮೇಲೆ ಸಾರು ಆರಿಹೋಯಿತು. ಎಲ್ಲ ಮುಗಿದ ಮೇಲೆ ಅದು ಮಣ್ಣನ್ನು ಮುಚ್ಚಿ, ಹೊಟ್ಟೆಯಿಂದ ಸಮಮಾಡಿ, ನೆಟ್ಟಗೆ ನೀರಿನ ತಾವಿಗೆ ನಡೆಯಿತು.

ಬೆಳಿಗ್ಗೆ ಅಗೆದು ನೋಡಿದಾಗ ಐದು ಮೊಟ್ಟೆಗಳಿದ್ದುವು. ಹೆಬ್ಬೆರಳಿನ ಗಾತ್ರ, ಚರ್ಮದಂಥ ಬಿಳಿಯ ಸಿಪ್ಪೆ. ಒಂಬತ್ತರಲ್ಲಿ ನಾಲ್ಕು ಉಳಿದುವು. ಮರುದಿನ ಪುನಃ ವೈದ್ಯೆಯ ಬಳಿಗೆ ಹೋಗಿ, ಚಿತ್ರವನ್ನು ತೆಗೆಸಿ, ಆಕ್ಸಿಟೋಸಿನ್ ಕೊಡಿಸಿದೆವು. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಉಳಿದ ನಾಲ್ಕೂ ಬಂದುವು. ಹತ್ತು ದಿನ ಮೊದಲೇ ಮಣ್ಣನ್ನು ಕೊಟ್ಟಿದ್ದರೆ ಈ ಎರಡನೆಯ ಸಂಕಟ ಬಹುಶಃ ತಪ್ಪುತ್ತಿತ್ತೆಂದು ವೈದ್ಯೆ ಮೆಲ್ಲಗೆ ಹೇಳಿದಳು. ನಾನು ಹಣವನ್ನು ಎಣಿಸುತ್ತಿದ್ದೆನು, ತಲೆಯೆತ್ತಲಿಲ್ಲ.

ದೀಕ್ಷೆಯ ಪ್ರಕಾರಗಳನ್ನು ಹೇಳುವ ತಂತ್ರಗ್ರಂಥಗಳಲ್ಲಿ ಒಂದು ದೃಷ್ಟಾಂತವುಂಟು. ಹಕ್ಕಿ ಸ್ಪರ್ಶದಿಂದ, ಮೀನು ದೃಷ್ಟಿಯಿಂದ, ಆಮೆ ಕೇವಲ ಸ್ಮರಣೆಯಿಂದ ಮರಿಗಳನ್ನು ಪೋಷಿಸುತ್ತವೆ, ಗುರುವೂ ಶಿಷ್ಯನನ್ನು ಹಾಗೆಯೇ ಎಂದು. ಇದನ್ನು ನಾನು ಎಷ್ಟೋ ಸಲ ಭಾವಪೂರ್ಣವಾಗಿ ಹೇಳಿದ್ದೇನೆ. ನಿಜವಾಗಿ ಆಮೆಯ ಮೊಟ್ಟೆಗೆ ಕಾವು ಕೊಡುವುದು ನೆಲದ ಬಿಸಿ. ಈ ಜಾತಿಯಲ್ಲಂತೂ ಮರಿ ಗಂಡೋ ಹೆಣ್ಣೋ ಎಂಬುದನ್ನೂ ಆ ಬಿಸಿಯೇ ನಿರ್ಣಯಿಸುತ್ತದೆ. ತಂಪಾದರೆ ಗಂಡು, ಬಿಸಿ ಹೆಚ್ಚಿದರೆ ಹೆಣ್ಣು. ಹೆತ್ತವಳು ಮುಚ್ಚಿ ಹೋದ ಮೇಲೆ ಆ ಕಡೆ ಬರುವುದಿಲ್ಲ. ಮರುದಿನದಿಂದ ನಮ್ಮ ಆಮೆ ಗಬಗಬನೆ ತಿನ್ನತೊಡಗಿತು. ಗರ್ಭಕಟ್ಟದ ಆ ಒಂಬತ್ತು ಮೊಟ್ಟೆಗಳನ್ನು ಕೆಲವು ದಿನ ಸ್ಮರಿಸುತ್ತಿದ್ದವನು ನಾನೊಬ್ಬನೇ.

ಪುಣೆಯಿಂದ ಹುಡುಗನು ದೂರವಾಣಿಯಲ್ಲಿ, "ಮರಿ ಮಾಡಿಸಿ ಕೆರೆಗೆ ಬಿಡಬಹುದಿತ್ತಲ್ಲ ತಾತಾ" ಎಂದನು. ಈ ಆಮೆ ಹೊರನಾಡಿನ ಕೆರೆಗಳಲ್ಲಿ ಸೇರಿಕೊಂಡು ಅಲ್ಲಿನ ಆಮೆಗಳ ಆಹಾರವನ್ನೂ ತಾವನ್ನೂ ಕಸಿದುಕೊಳ್ಳುವುದರಿಂದ ಜಗತ್ತಿನ ನೂರು ದುಷ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ, ಬಿಡಲೇಕೂಡದು. ಅದನ್ನೇ ಅವನಿಗೆ ಹೇಳಿದೆನು. ಮೂವತ್ತು ವರ್ಷ ಬದುಕಬಲ್ಲ ಪ್ರಾಣಿ; ನನ್ನ ವಯಸ್ಸಿನ ಲೆಕ್ಕದಲ್ಲಿ ಕಡೆಗೆ ಅದು ಅವನ ಪಾಲಿಗೇ ಬರತಕ್ಕದ್ದೆಂಬುದನ್ನೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ" ಎಂದನು.

ಹೆಸರನ್ನು ಸ್ತ್ರೀಲಿಂಗಕ್ಕೆ ತಿದ್ದಬೇಕಾಯಿತು. ಕಮಠೀ ಎಂದು ಕರೆಯಲು ಮನೆಯಾಕೆಗೆ ನಾಲಿಗೆ ಹೊರಳಲಿಲ್ಲ. ಅಮರಕೋಶದಲ್ಲಿ ಹೆಣ್ಣಾಮೆಗೆ ಡುಲಿಯೆಂಬ ಮತ್ತೊಂದು ಹೆಸರುಂಟೆಂದು ಹೇಳಿದಾಗ ಅದು ಅವಳಿಗೆ ಹಿಡಿಸಿತು. ಈಗ ಡುಲಿಗೆ ದಿನವೂ ಬೆಳಿಗ್ಗೆ ಹಿತ್ತಲಲ್ಲಿ ಒಂದು ಗಂಟೆ, ಗಾಜಿಲ್ಲದ ಬಿಸಿಲು. ಮೆಂತ್ಯದ ಪಾತಿಯನ್ನು ಬಾವಿಯ ಕಡೆಗೆ ಸಾಗಿಸಿದ್ದಾಗಿದೆ. ನುಗ್ಗೆಯ ಬುಡದ ಮಣ್ಣಿಗೆ ಸಂಕ್ರಾಂತಿ ಕಳೆಯುತ್ತಲೇ ನೀರು ಚಿಮುಕಿಸಲು ತೊಡಗಬೇಕೆಂದು ಮನೆಯಾಕೆ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.