ಮೊಮ್ಮಗಳ 48, ನನ್ನ ತಪ್ಪು ಲೆಕ್ಕ

ಮಕ್ಕಳ ಮಾರ್ಕ್ಸ್ ಕಾರ್ಡು ಕೈಗೆ ಬಂದಾಗ ನೀವು ಮೊದಲು ಏನು ನೋಡ್ತೀರಿ, ಸೋದರಿಯರೇ? ಅಂಕ ತಾನೇ? ನಾನೂ ಅಷ್ಟೆ. ಆ ಅಭ್ಯಾಸಬಲದಿಂದಲೇ ಕಳೆದ ವರ್ಷ ದುಬೈಯ ಮಗಳ ಮನೆಯಲ್ಲಿ ಒಂದು ಎಡವಟ್ಟು ಮಾಡಿಕೊಂಡೆ.

ಮೊಮ್ಮಗಳು ಅಲ್ಲಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾಲ್ಕನೆಯ ತರಗತಿ. ಶಾಲೆಯಿಂದ ಬಂದ ಹಾಳೆಯಲ್ಲಿ ಇಂಗ್ಲಿಷ್ ಓದಿಗೆ 204 ಎಂದಿತ್ತು, ಪಕ್ಕದಲ್ಲಿ 48. ಮೊದಲನೆಯದು ನನಗೆ ತಿಳಿಯಲಿಲ್ಲ; ಎರಡನೆಯದು ಕಣ್ಣಿಗೆ ಹೊಡೆಯಿತು. ನಮ್ಮ ಕಾಲದಲ್ಲಿ 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸು. “ಇಷ್ಟೊಂದು ಫೀಸು ಕಟ್ಟಿ ಓದಿಸಿದರೆ ಬರೀ 48 ಏನೇ ಪುಟ್ಟಿ?” ಅಂದುಬಿಟ್ಟೆ.

ಮಗು ಮಾತಾಡಲಿಲ್ಲ. ಇಷ್ಟದ ತಿಳಿಸಾರನ್ನೂ ಮುಟ್ಟದೆ ಮಲಗಿತು. ಹೋಗಿ ನೋಡಿದರೆ ಹೊದಿಕೆಯೊಳಗೇ ಬಿಕ್ಕುತ್ತಿದೆ. “ಅರ್ಧಕ್ಕರ್ಧ ಪ್ರಶ್ನೆ ತಪ್ಪಾಯ್ತು ಅಜ್ಜಿ, ನಾನು ದಡ್ಡಿ” ಎಂದಿತು. ನನ್ನ ಕರುಳು ಚುರ್ ಎಂದಿತು.

ಆಮೇಲೆ ಮಗಳು ಬಿಡಿಸಿ ಹೇಳಿದಳು. ಅದು ‘ಮ್ಯಾಪ್’ ಎಂಬ ಪರೀಕ್ಷೆ. 1977ರಲ್ಲಿ ಅಮೆರಿಕದಲ್ಲಿ ಆರಂಭವಾದ ಎನ್‌ಡಬ್ಲ್ಯುಇಎ ಎಂಬ ಸಂಸ್ಥೆಯದು. ಪಾಸು, ಫೇಲು ಇಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಸಲ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಾದರೆ ಸುಲಭದ್ದು. ಮಗು ಚಿಕ್ಕ ಬಿಂದಿಗೆ ಹೊತ್ತರೆ ದೊಡ್ಡದನ್ನು ಕೊಟ್ಟು ನೋಡುತ್ತೇವಲ್ಲ, ಹಾಗೆ! ಆದ್ದರಿಂದ ಎಂಥ ಜಾಣ ಮಕ್ಕಳಿಗೂ ಸುಮಾರು ಅರ್ಧ ಪ್ರಶ್ನೆ ತಪ್ಪಾಗುತ್ತವೆ. ಪರೀಕ್ಷೆ ಇರುವುದೇ ಹಾಗೆ.

“ಹಾಗಾದ್ರೆ 48 ಏನು?” ಅಂದೆ.

“ಅದು ಪರ್ಸೆಂಟ್ ಅಲ್ಲಮ್ಮ, ಪರ್ಸೆಂಟೈಲ್. ಇದೇ ತರಗತಿಯ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 48 ಮಕ್ಕಳು ಇವಳ ಹಿಂದೆ. ಅಂದ್ರೆ ನಡುಮಧ್ಯೆ. ಅದೂ ಹೋಲಿಸೋದು ಅಮೆರಿಕದ ಮಕ್ಕಳ ಜೊತೆ. ಇವಳು ಮನೇಲಿ ಆಡೋದು ಕನ್ನಡ ಅಲ್ವಾ?”

ಇನ್ನು ಆ 204? ಅದಕ್ಕೆ ‘ರಿಟ್’ ಅಂಕ ಅಂತಾರೆ. ತರಗತಿ ಬದಲಾದರೂ ಅಳತೆಗೋಲು ಬದಲಾಗದು. “ನಮ್ಮ ಹಾಸನದ ಮನೇಲಿ ಬಾಗಿಲ ಚೌಕಟ್ಟಿನ ಮೇಲೆ ನನ್ನ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೀತಿದ್ದೆಯಲ್ಲಮ್ಮ, ಇದೂ ಅಷ್ಟೆ” ಅಂದಳು. ವರ್ಷದ ಆರಂಭದಲ್ಲಿ ಪುಟ್ಟಿಯ ಗೆರೆ 192ರಲ್ಲಿತ್ತಂತೆ. 12 ಮೆಟ್ಟಿಲು ಹತ್ತಿದ ಮಗುವನ್ನು ನಾನು ಗದರಿಸಿದ್ದೆ!

ಬೆಳಿಗ್ಗೆ ಕೋಡುಬಳೆ ಕರಿದು ಮಗುವಿನ ಮುಂದಿಟ್ಟು, “ತಪ್ಪಾಯ್ತು ಪುಟ್ಟಿ, ಅಜ್ಜಿಗೆ ಲೆಕ್ಕ ತಿಳೀಲಿಲ್ಲ” ಅಂದೆ. “ನಿಂಗೂ ಅರ್ಧ ತಪ್ಪಾಯ್ತಾ ಅಜ್ಜಿ?” ಎಂದು ನಕ್ಕಿತು.

ಇಂಥ ಶಾಲೆಗಳು ಈಗ ಬೆಂಗಳೂರಿನಲ್ಲೂ ಬೇಕಾದಷ್ಟಿವೆ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಂಥ ಹಾಳೆ ತಂದರೆ ನನ್ನ ಹಾಗೆ ದುಡುಕಬೇಡಿ. ಹಿಂದಿನ ಗೆರೆ ಎಲ್ಲಿತ್ತು ಎಂದು ಮೊದಲು ನೋಡಿ. ಜ್ವರ ಬಂದ ದಿನ, ನಿದ್ದೆಗೆಟ್ಟ ದಿನ ಅಂಕ ಇಳಿಯಬಹುದು. ಒಂದು ಸಲದ ಅಂಕ ನೋಡಿ ಏನನ್ನೂ ತೀರ್ಮಾನಿಸಬೇಡಿ. ಎರಡು ಮೂರು ಸಲವೂ ಗೆರೆ ಮೇಲೇಳದಿದ್ದರೆ ಮಗುವನ್ನು ಬಯ್ಯದೆ ಟೀಚರನ್ನು ಕೇಳಿ. ಎಲ್ಲಿ ಕಲಿಸಬೇಕು ಎಂದು ತಿಳಿಯಲೆಂದೇ ಅವರು ಅಳೆಯುವುದು.

ಅಜ್ಜಿಗೆ ಕಾಗದ ಬರೆಯುವಷ್ಟು ಕನ್ನಡವನ್ನು ಪುಟ್ಟಿ ಆ ರಜೆಯಲ್ಲಿ ಕಲಿತಳು. ಅದನ್ನು ಅಳೆಯುವ ಕಾಲಮ್ಮು ಆ ಹಾಳೆಯಲ್ಲಿರಲಿಲ್ಲ. ಆ ಗೆರೆಯನ್ನು ನಾನೇ ಎಳೆದುಕೊಂಡಿದ್ದೇನೆ.