ಐವತ್ತೇಳು ಸುರಂಗಗಳು ಮತ್ತು ನನ್ನ ಸ್ಮಾರ್ಟ್ ಫೋನ್

ಮುಂದೆ ಓದುವ ಮೊದಲು ಒಂದು ಸಣ್ಣ ಪರೀಕ್ಷೆ. ಟೀಚರ್ ಆದವಳಿಗೆ ಪರೀಕ್ಷೆ ಮಾಡದೆ ಮಾತು ಆರಂಭಿಸಲು ಬರುವುದಿಲ್ಲ, ಕ್ಷಮಿಸಿ. ನಿಮ್ಮ ಯಜಮಾನರ ಮೊಬೈಲ್ ನಂಬರ್ ಎಷ್ಟು? ಫೋನ್ ನೋಡದೆ ಹೇಳಬೇಕು. ನಿಮ್ಮ ತಮ್ಮನದ್ದು? ಮಗಳದ್ದು? ಹೇಳಲು ಬಂದರೆ ನಿಮಗೆ ನೂರಕ್ಕೆ ನೂರು. ಬಾರದಿದ್ದರೆ ನಾಚಿಕೊಳ್ಳಬೇಡಿ. ಆ ಪರೀಕ್ಷೆಯಲ್ಲಿ ನಾನು ತುಂಬಿದ ರೈಲಿನ ನಡುವೆ, ನೂರು ಜನರ ಎದುರು ಫೇಲಾದವಳು.

ನನ್ನ ಹಳೆಯ ಫೋನಿನ ಗಾಜು ಒಡೆದಾಗ ಮಗ ಹಠ ಹಿಡಿದು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದ. ಅದು 2023. ಅಂಗಡಿಯ ಹುಡುಗ ಹೊಸ ಫೋನನ್ನು ಹೊಗಳಿದ ಪರಿಯನ್ನು ನೀವು ಕೇಳಬೇಕಿತ್ತು. ಮದುವೆ ದಲ್ಲಾಳಿಗಳು ಕೂಡ ವರನನ್ನು ಅಷ್ಟು ಹೊಗಳುವುದಿಲ್ಲ. “ಬ್ಯಾಟರಿ ಎರಡು ದಿನ ಬರುತ್ತೆ ಮೇಡಂ. ಕ್ಯಾಮೆರಾ ನೂರೆಂಟು ಮೆಗಾಪಿಕ್ಸೆಲ್. ನೆಟ್‌ವರ್ಕ್ ಅಂತೂ ಎಲ್ಲಿ ಹೋದರೂ ಸಿಗುತ್ತೆ.” ನಾನು ನಂಬಿದೆ. ನೂರೆಂಟು ಎನ್ನುವ ಪದ ನಮ್ಮ ಕನ್ನಡದಲ್ಲಿ ಹೆಚ್ಚಾಗಿ ತಾಪತ್ರಯಗಳ ಲೆಕ್ಕಕ್ಕೇ ಬರುತ್ತದೆ ಎಂದು ಆಗ ನೆನಪಾಗಲಿಲ್ಲ.

ನಮ್ಮ ತಲೆಮಾರಿಗೆ ಈ ಮೋಹ ಸ್ವಲ್ಪ ಹೆಚ್ಚೇ ಇರಬೇಕು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್‌ರಾಮ್ ಅವರೊಂದಿಗೆ ಮಾತನಾಡಿದರು. ಆಮೇಲೆ ಎಷ್ಟೋ ವರ್ಷ ನಮಗೆ ಬಂದ ಕರೆಗೂ ನಾವೇ ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಒಂದು ಮಿಸ್ಡ್ ಕಾಲ್ ಎಂದರೆ “ತಲುಪಿದೆ”, ಎರಡು ಎಂದರೆ “ಕೂಡಲೇ ಮಾಡು” ಎಂದು ಸಂಕೇತ ಮಾಡಿಕೊಂಡು ಬದುಕಿದವರು ನಾವು. ಅಂಥವರ ಕೈಗೆ ಎರಡು ದಿನದ ಬ್ಯಾಟರಿ ಬಂದರೆ ತಲೆ ತಿರುಗದಿರುತ್ತದೆಯೇ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಕಲಿಸುವುದು ಹಾಸನದಲ್ಲಿ, ತವರು ಮಂಗಳೂರು. ಅದೇ ವರ್ಷ ಡಿಸೆಂಬರಿನ ಒಂದು ರಾತ್ರಿ ತಮ್ಮ ಫೋನ್ ಮಾಡಿದ. ಉಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಮರುದಿನ ಸಂಜೆ ಆರು ಗಂಟೆಗೆ ಆಪರೇಷನ್ ಎಂದ. ನಡುರಾತ್ರಿಯವರೆಗೂ ಅಕ್ಕತಂಗಿಯರೊಂದಿಗೆ ಮಾತು, ಅಳು. ಫೋನ್ ಚಾರ್ಜಿಗೆ ಇಡುವುದು ಮರೆತೇಹೋಯಿತು. ಹೇಗೂ ಎರಡು ದಿನ ಬರುತ್ತದಲ್ಲ!

ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ನನಗೆ ಆಗುವುದಿಲ್ಲ, ವಾಂತಿ. ಹಾಗಾಗಿ ಹಗಲಿನ ರೈಲು ಹಿಡಿದೆ. ಕೌಂಟರಿನ ಸಾಲು ಉದ್ದವಿತ್ತು. ಕಾಯ್ದಿರಿಸದ ಟಿಕೆಟನ್ನೂ ಮೊಬೈಲಿನಲ್ಲಿ ತೆಗೆಯುವ ವ್ಯವಸ್ಥೆಯನ್ನು ರೈಲ್ವೆ 2014ರಲ್ಲೇ ಶುರುಮಾಡಿತ್ತು. ನಿಲ್ದಾಣದ ಹೊರಗೆ ನಿಂತು ನಾನೂ ಹಾಗೆಯೇ ತೆಗೆದೆ. ಕಾಗದವಿಲ್ಲ, ಸಾಲಿಲ್ಲ, ಚಿಲ್ಲರೆಯ ಜಗಳವಿಲ್ಲ. ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ.

ರೈಲು ಬಂತು. ಬೆಂಗಳೂರಿನಿಂದಲೇ ತುಂಬಿ ಬಂದಿತ್ತು. ಮಹಿಳೆಯರ ಬೋಗಿಯ ಬಾಗಿಲಲ್ಲೇ ಜನ ನಿಂತಿದ್ದರು, ಓಡಿ ಜನರಲ್ ಬೋಗಿಗೆ ಹತ್ತಿದೆ. ನಾಲ್ಕು ಜನರ ಬೆಂಚಿನಲ್ಲಿ ಏಳು ಜನ, ಸಾಮಾನಿಡುವ ಹಲಗೆಯ ಮೇಲೆ ಮೂವರು, ಶೌಚಾಲಯದ ಬಾಗಿಲಿಗೆ ಒರಗಿ ತರಕಾರಿ ಮೂಟೆ, ಮೂಟೆಯ ಮೇಲೆ ಒಂದು ಮಗು. ಒಬ್ಬರ ಫೋನಿನಲ್ಲಿ ಯಕ್ಷಗಾನ, ಇನ್ನೊಬ್ಬರದರಲ್ಲಿ ಸಿನಿಮಾ ಹಾಡು, ಮತ್ತೊಬ್ಬರದರಲ್ಲಿ ಯಾರದೋ ನಗು ಮತ್ತೆ ಮತ್ತೆ. ಇಯರ್ ಫೋನ್ ಎಂಬ ವಸ್ತುವಿದೆ ಎಂದು ಈ ಪುಣ್ಯಾತ್ಮರಿಗೆ ಯಾರಾದರೂ ಹೇಳಬಾರದೇ? “ಸ್ವಲ್ಪ ಸರೀರಿ” ಎಂದರೆ ಎಲ್ಲರೂ ಸರಿದಂತೆ ಮಾಡುತ್ತಾರೆ, ಯಾರೂ ಸರಿಯುವುದಿಲ್ಲ. ಕೊನೆಗೆ ಕಿಟಕಿಯ ಬದಿಯ ಒಬ್ಬ ಅಜ್ಜಿ ತನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡು, “ಬಾ ಮಗಾ, ಕೂತ್ಕೋ” ಎಂದು ಒಂದು ಗೇಣು ಜಾಗ ಕೊಟ್ಟರು.

ಸಕಲೇಶಪುರದಲ್ಲಿ ರೈಲು ಸುಮಾರು ಹೊತ್ತು ನಿಂತಿತು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ನಾನೇನು ಮಾಡಿದೆ ಗೊತ್ತೇ? ಉಮ್ಮನಿಗೆ ಫೋನ್ ಮಾಡಲಿಲ್ಲ. ಆಪರೇಷನ್ ಸಂಜೆಗಲ್ಲವೇ, ಹೋಗಿಯೇ ನೋಡುತ್ತೇನಲ್ಲ ಎಂದುಕೊಂಡೆ. ಗುಡ್ಡದ ಮೇಲಿನ ಮಂಜಿನ ವಿಡಿಯೋ ತೆಗೆದು ಶಾಲೆಯ ಗ್ರೂಪಿಗೆ ಹಾಕಿದೆ. ಯಾರು ಯಾರು ಮೆಚ್ಚಿದರು ಎಂದು ನೋಡುತ್ತಾ ಕುಳಿತೆ. ಬ್ಯಾಟರಿ ಇಪ್ಪತ್ತೇಳಕ್ಕೆ ಇಳಿದಿತ್ತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳು. 1979ರಲ್ಲಿ ಮೀಟರ್ ಗೇಜಾಗಿ ತೆರೆದ ಈ ಹಳಿಯಲ್ಲಿ ಚಿಕ್ಕವಳಿದ್ದಾಗ ಉಪ್ಪನ ತೊಡೆಯ ಮೇಲೆ ಕುಳಿತು ಹೋದ ನೆನಪು ನನಗಿದೆ. ಆಮೇಲೆ ಹಳಿ ಬದಲಿಸುವ ಕೆಲಸಕ್ಕೆಂದು ವರ್ಷಗಟ್ಟಲೆ ಮುಚ್ಚಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಇಳಿಜಾರು ಎಷ್ಟೆಂದರೆ ಐವತ್ತು ಅಡಿಗೆ ಒಂದು ಅಡಿ. ರೈಲು ತುಂಬು ಗರ್ಭಿಣಿಯ ಹಾಗೆ ನಿಧಾನವಾಗಿ ಇಳಿಯುತ್ತದೆ. ಎರಡು ಗಂಟೆಗೂ ಹೆಚ್ಚು ಕಾಡು, ಕತ್ತಲೆ, ಮತ್ತೆ ಕಾಡು. ಪ್ರತಿ ಸುರಂಗದಲ್ಲೂ ಮಕ್ಕಳು “ಓ...” ಎಂದು ಕೂಗುತ್ತಿದ್ದರು. ನೆಟ್‌ವರ್ಕಿನ ಗೆರೆಗಳು ಒಂದೊಂದಾಗಿ ಮಾಯವಾದವು. ನಾನು ನಿಮಿಷಕ್ಕೊಮ್ಮೆ ಫೋನ್ ಬೆಳಗಿಸಿ ನೋಡುತ್ತಿದ್ದೆ. ಟವರ್ ಸಿಗದ ಕಡೆ ಫೋನು ಹೆಚ್ಚು ಶಕ್ತಿ ಹಾಕಿ ಮತ್ತೆ ಮತ್ತೆ ಹುಡುಕುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅಂಥಲ್ಲಿ ಏರೋಪ್ಲೇನ್ ಮೋಡ್ ಹಾಕಿಡಬೇಕು ಎಂದು ಮಗ ಹೇಳಿದ್ದು ಆಮೇಲೆ. ಅಂಗಡಿಯ ಹುಡುಗ ಇದನ್ನು ಹೇಳಿರಲಿಲ್ಲ.

ಸುಬ್ರಹ್ಮಣ್ಯ ರೋಡ್ ಹತ್ತಿರವಾದಂತೆ ಫೋನಿಗೆ ಜೀವ ಬಂತು. ಉಳಿದದ್ದು ಮೂರು ಪರ್ಸೆಂಟ್. ಟಣ್ ಟಣ್ ಎಂದು ಮೆಸೇಜುಗಳ ಮಳೆ. ಗುಲಾಬಿ ಹೂವಿನ ಚಿತ್ರದೊಂದಿಗೆ ಸಲಾಮ್, ಗುರುವಾರವೇ ಕಳಿಸಿದ ‘ಅಡ್ವಾನ್ಸ್ ಜುಮಾ ಮುಬಾರಕ್’, ಈರುಳ್ಳಿಯಿಂದ ಕೂದಲು ಬೆಳೆಸುವ ವಿಡಿಯೋ. ಅವುಗಳ ನಡುವೆ ತಮ್ಮನ ಹೆಸರು ಕಾಣಿಸಿತು. “ಅಕ್ಕಾ, ಉಮ್ಮನನ್ನು ಈಗ...” ಎಂದು ಓದಿದೆ. ಪರದೆ ಕಪ್ಪಾಯಿತು.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಅದರ ಭಾರ ನನಗೆ ತಿಳಿದದ್ದು ಅಂದು. ಉಮ್ಮನನ್ನು ಈಗ ಏನು? ಕೈಕಾಲು ತಣ್ಣಗಾಯಿತು. ಬಾಯಲ್ಲಿ ದುಆ, ಕಣ್ಣಲ್ಲಿ ನೀರು.

ಎದುರು ನಿಂತಿದ್ದ ಕಾಲೇಜು ಹುಡುಗ ನೋಡಿ, “ಏನಾಯ್ತಕ್ಕಾ? ತಗೊಳ್ಳಿ, ನನ್ನ ಫೋನಿಂದ ಮಾಡಿ. ನಂಬರ್ ಹೇಳಿ” ಎಂದ. ನಾನು ಬಾಯಿ ತೆರೆದೆ. ಯಾವ ನಂಬರ್? ತಮ್ಮನದ್ದು ಗೊತ್ತಿಲ್ಲ. ಯಜಮಾನರದ್ದು ಕೊನೆಯಲ್ಲಿ ನಾಲ್ಕೋ ಏಳೋ. ಮಗನದ್ದು ಗೊತ್ತೇ ಇಲ್ಲ. ಮದ್ರಸದಲ್ಲಿ ಕಲಿತವಳು ನಾನು, ಅಂಚೆಯ ಮೂಲಕ ಬಿ.ಎ. ಮಾಡಿದವಳು. ಇಪ್ಪತ್ತು ವರ್ಷಗಳಿಂದ ಸಣ್ಣ ಮಕ್ಕಳಿಗೆ ಸೂರಾಗಳನ್ನು ಕಂಠಪಾಠ ಮಾಡಿಸುತ್ತೇನೆ. ಒಂದು ಅಕ್ಷರ ತಪ್ಪಿದರೂ ತಿದ್ದುತ್ತೇನೆ. ನನ್ನವರ ಹತ್ತು ಅಂಕಿಗಳು ಮಾತ್ರ ನನ್ನ ಎದೆಯಲ್ಲಿರಲಿಲ್ಲ. ನೆನಪಿದ್ದದ್ದು ಒಂದೇ ನಂಬರು, ತವರಿನ ಲ್ಯಾಂಡ್‌ಲೈನಿನದ್ದು. ಅದನ್ನು ಕಡಿತಗೊಳಿಸಿ ಹತ್ತು ವರ್ಷ ಕಳೆದಿತ್ತು.

ಪಕ್ಕದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು. “ನಂಗೆ ಓದಕ್ಕೆ ಬರಲ್ಲ ಮಗಾ. ಮೊಮ್ಮಗಳು ಬರ್ದು ಕೊಟ್ಟಿದಾಳೆ.” ಪ್ರತಿ ನಂಬರಿನ ಪಕ್ಕ ಒಂದೊಂದು ಚಿತ್ರ. ಬಸ್ಸಿನ ಚಿತ್ರವಿದ್ದರೆ ಡ್ರೈವರ್ ಮಗ, ಹಸು ಇದ್ದರೆ ಡೈರಿಯವನು, ಜಡೆಯಿದ್ದರೆ ಮಗಳು. ಓದು ಬಾರದ ಆ ತಾಯಿಯ ಕೈಯಲ್ಲಿ ತನ್ನವರೆಲ್ಲ ಇದ್ದರು. ಬಿ.ಎ. ಓದಿದ ನನ್ನ ಕೈಯಲ್ಲಿ ಕಪ್ಪು ಗಾಜು.

ಆಮೇಲೆ ಆದದ್ದನ್ನು ಹೇಳಲೇಬೇಕು. ಅಷ್ಟು ಹೊತ್ತು ಒಂದು ಅಂಗುಲವೂ ಸರಿಯದಿದ್ದ ಜನ ನನ್ನ ಫೋನಿಗೆ ದಾರಿ ಬಿಟ್ಟರು. ಫೋನು ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿ ಪ್ಲಗ್ ಇರುವಲ್ಲಿಗೆ ಹೋಯಿತು. ಮೊದಲ ಚಾರ್ಜರಿನ ಪಿನ್ ಕೂಡಲಿಲ್ಲ. “ದೊಡ್ಡ ಪಿನ್ ಯಾರ ಹತ್ರ ಇದೆ?” ಎಂದು ಬೋಗಿಯಿಡೀ ಕೂಗು ಹೋಯಿತು. ಬಾಗಿಲ ಬಳಿ ಇದ್ದ ಒಬ್ಬರು ತಮ್ಮ ಫೋನ್ ಕಿತ್ತು ನನ್ನದಕ್ಕೆ ಹಾಕಿದರು. ಯಕ್ಷಗಾನದವರು ದನಿ ತಗ್ಗಿಸಿದರು. ಪುತ್ತೂರು ಹತ್ತಿರವಾಗುವಾಗ ಫೋನ್ ವಾಪಸು ಬಂತು, ನಾಲ್ಕು ಪರ್ಸೆಂಟ್. ನನ್ನ ಟಿಕೆಟೂ ಅದರೊಳಗೇ ಇದೆ ಎಂದು ಆಗ ನೆನಪಾಯಿತು. ಇಳಿಯುವಾಗ ತೋರಿಸಲು ಇದನ್ನು ಉಳಿಸಲೇ, ಮಾತನಾಡಲೇ? ಒಂದು ಕ್ಷಣವೂ ಯೋಚಿಸದೆ ತಮ್ಮನಿಗೆ ಮಾಡಿದೆ.

“ಅಕ್ಕಾ, ಎಲ್ಲಿದ್ದೀ? ಡಾಕ್ಟರು ಸಮಯ ಮುಂದಕ್ಕೆ ತಂದರು. ಒಂದೂವರೆಗೇ ಉಮ್ಮನನ್ನು ಒಳಗೆ ಕರೆದುಕೊಂಡು ಹೋದರು. ನಿನ್ನ ದನಿ ಕೇಳಬೇಕು ಅಂದರು. ಮೂರು ಸಲ ಫೋನ್ ಮಾಡಿ ಅವರ ಕಿವಿಗೆ ಹಿಡಿದೆ.” ಮೂರು ಸಲವೂ ಉಮ್ಮ ಕೇಳಿದ್ದು ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎನ್ನುವ ಹುಡುಗಿಯನ್ನು. “ಇವಳು ಯಾರು? ನನ್ನ ಮಗಳಲ್ಲವಲ್ಲ” ಎಂದರಂತೆ. ಹಾಗೆಯೇ ಒಳಗೆ ಹೋದರಂತೆ.

ಮಂಗಳೂರು ಜಂಕ್ಷನ್ನಿನಲ್ಲಿ ಫೋನ್ ಮತ್ತೆ ಸತ್ತಿತ್ತು. ಗೇಟಿನಲ್ಲಿ ಟಿಕೆಟ್ ಕೇಳಿದರು. ಮೊಬೈಲ್ ಟಿಕೆಟನ್ನು ಮೊಬೈಲಿನಲ್ಲೇ ತೋರಿಸಬೇಕು, ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದಂತೆಯೇ. ಟಿಕೆಟ್ ದರ, ಮೇಲೆ ದಂಡ 250 ರೂಪಾಯಿ. ಅವರು ಮರ್ಯಾದೆಯಿಂದಲೇ ಮಾತನಾಡಿದರು. ನಾನು ಕೊಟ್ಟು ಬಂದೆ. ಆ ದಿನ ನಾನು ತೆತ್ತ ದಂಡಗಳಲ್ಲಿ ಅದೇ ಚಿಕ್ಕದು.

ಅಲ್‌ಹಮ್ದುಲಿಲ್ಲಾಹ್, ಉಮ್ಮ ಗುಣವಾದರು. ನಾಲ್ಕು ಕಾಲಿನ ಸ್ಟ್ಯಾಂಡ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಆದರೆ ಗುಣವಾಗದೆ ಇದ್ದಿದ್ದರೆ? ಅವರ ಕಿವಿಯಲ್ಲಿ ಕೊನೆಗೆ ಉಳಿಯುತ್ತಿದ್ದದ್ದು ಆ ರೆಕಾರ್ಡಿನ ಹುಡುಗಿಯ ದನಿ. ಸಕಲೇಶಪುರದಲ್ಲಿ ಮಂಜನ್ನು ಬಿಟ್ಟು ಒಂದು ನಿಮಿಷ ಮಾತನಾಡಿದ್ದರೆ ನನ್ನ ದನಿ ಇರುತ್ತಿತ್ತು. ಸುರಂಗ ನನ್ನ ತಪ್ಪಲ್ಲ, ಬ್ಯಾಟರಿ ಕಂಪೆನಿಯ ತಪ್ಪು ಎನ್ನಬಹುದು, ಆ ಒಂದು ನಿಮಿಷ ಮಾತ್ರ ನನ್ನದೇ.

ಅಂದಿನಿಂದ ನಾನು ಬದಲಾಗಿದ್ದೇನೆ. ದೂರ ಪ್ರಯಾಣಕ್ಕೆ ಕೌಂಟರಿನಲ್ಲಿ ಕಾಗದದ ಟಿಕೆಟ್ಟೇ ತೆಗೆಯುತ್ತೇನೆ. ಪರ್ಸಿನಲ್ಲಿ ಐದು ನಂಬರುಗಳ ಚೀಟಿಯಿದೆ. ಅದರಲ್ಲಿ ಒಂದು ರೈಲ್ವೆ ಸಹಾಯವಾಣಿ 139. ಇದೇ ಅಂಕಿಯ ಇನ್ನೊಂದು ವಿಷಯ ನಿಮಗೂ ತಿಳಿದಿರಲಿ. 1989ರ ರೈಲ್ವೆ ಕಾಯ್ದೆಯ 139ನೇ ಕಲಂ ಪ್ರಕಾರ, ಪುರುಷರ ಜೊತೆಯಿಲ್ಲದೆ ಪ್ರಯಾಣಿಸುವ ಹೆಣ್ಣುಮಗಳನ್ನು ಟಿಕೆಟ್ ಇಲ್ಲವೆಂದು ಕಂಡ ಕಂಡಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ನಿಲ್ದಾಣದಲ್ಲಿ, ಜಂಕ್ಷನ್ನಿನಲ್ಲಿ, ಕೊನೆಯ ನಿಲ್ದಾಣದಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ, ಅದೂ ಹಗಲಿನಲ್ಲಿ ಇಳಿಸಬಹುದು.

ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಈಗ ಹೊಸ ಪಾಠವೊಂದಿದೆ. ದಿನಾ ಕೊನೆಯ ಐದು ನಿಮಿಷ ತಾಯಿಯ ನಂಬರನ್ನು ಮಗ್ಗಿಯ ರಾಗದಲ್ಲಿ ಹೇಳುತ್ತಾರೆ. ಒಂದೇ ವಾರದಲ್ಲಿ ಎಲ್ಲರಿಗೂ ಬಂತು. ನನಗೆ ಮೂರು ವಾರ ಹಿಡಿಯಿತು.

ಈಗ ತವರಿಗೆ ಹೊರಟಾಗ ಸಕಲೇಶಪುರ ಬಂದರೆ ಮೊದಲು ಉಮ್ಮನಿಗೆ ಫೋನ್. “ಇನ್ನು ಎರಡು ಗಂಟೆ ನಾನು ಸಿಗುವುದಿಲ್ಲ ಉಮ್ಮಾ.” “ಸರಿ ಮೋಳೇ, ಸುರಂಗ ದಾಟಿ ಬಾ” ಎನ್ನುತ್ತಾರೆ.

ಸಹೋದರಿಯರೇ, ಪರೀಕ್ಷೆ ಇನ್ನೂ ಮುಗಿದಿಲ್ಲ. ಪತ್ರಿಕೆಯನ್ನು ಪಕ್ಕಕ್ಕಿಡಿ. ನಿಮ್ಮ ಉಮ್ಮನ ನಂಬರನ್ನು ಬಾಯಿಪಾಠ ಮಾಡಿ, ಆಮೇಲೆ ಆ ನಂಬರಿಗೆ ಒಂದು ಫೋನ್ ಮಾಡಿ.