ಕಲ್ಲನ್ನಪ್ಪಿದ ಕಿರುಮೀನು

ಬಾಣಾವರದ ನಮಗೆ ನೀರೆಂದರೆ ಮಳೆಗೆ ತುಂಬುವ ಕೆರೆ; ಬೇಸಗೆ ಬಂದರೆ ಅದು ಬತ್ತೀತೆಂಬ ಚಿಂತೆ. ಕಳೆದ ಮಾಘದಲ್ಲಿ ಮುರುಡೇಶ್ವರಕ್ಕೆ ಹೋದವನು ಇಳಿತದ ಹೊತ್ತಿನಲ್ಲಿ ಕಡಲ ದಂಡೆಯ ಬಂಡೆಗಳ ಮೇಲೆ ನಿಂತಿದ್ದೆನು. ಬಂಡೆಯ ಕುಳಿಗಳಲ್ಲಿ ಬೊಗಸೆಯಷ್ಟು ನೀರು ಉಳಿದಿತ್ತು. ಅಂಥದೊಂದು ಕುಳಿಯಲ್ಲಿ ಬೆರಳುದ್ದದ, ಕಲ್ಲಿನದೇ ಬಣ್ಣದ ಮೀನೊಂದು ಅಲೆ ನುಗ್ಗಿದರೂ ಕದಲದೆ ಅಂಟಿಕೊಂಡಿತ್ತು.

ಅದು ಗೋಬಿ ಕುಲದ ಮೀನು. ಈ ಕುಲದ ಬಹುಪಾಲು ಮೀನುಗಳಲ್ಲಿ ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳು ಕೂಡಿ ಬಟ್ಟಲಿನಂತಾಗಿರುತ್ತವೆ. ಅದನ್ನು ಕಲ್ಲಿಗೊತ್ತಿ ಹಿಡಿದರೆ ತೆರೆಯ ಸೆಳೆತಕ್ಕೆ ಮೀನು ಜಗ್ಗದು.

ಹಿಡಿತಕ್ಕಿಂತ ಮಿಗಿಲಾದುದು ಅದರ ನೆನಪು. ಅಮೆರಿಕದ ಬಳಿಯ ಬಹಾಮಾ ದ್ವೀಪಗಳಲ್ಲಿ ಇದೇ ಕುಲದ ಮೀನೊಂದನ್ನು ಪರೀಕ್ಷಿಸಿದ ಆರನ್ಸನ್ ಎಂಬ ವಿಜ್ಞಾನಿಯ ಬರಹ 1951ರಲ್ಲಿ ಪ್ರಕಟವಾಯಿತು. ಉಬ್ಬರದಲ್ಲಿ ಬಂಡೆಗಳ ಮೇಲೆ ಈಜಿ ತಗ್ಗುಗಳನ್ನು ಅರಿತ ಮೀನು, ಇಳಿತದಲ್ಲಿ ಕಣ್ಣಿಗೆ ಕಾಣದ ಪಕ್ಕದ ಕುಳಿಗೆ ಗುರಿತಪ್ಪದೆ ನೆಗೆಯುತ್ತದೆ. ಆ ನೆನಪು 40 ದಿನಗಳವರೆಗೂ ಉಳಿಯುವುದು ಅವರ 1971ರ ಅಧ್ಯಯನದಿಂದ ತಿಳಿಯಿತು.

ಊರಿಗೆ ಮರಳಿ ಕೆರೆಯ ಏರಿಯ ಮೇಲೆ ನಿಂತಾಗ ಆ ಮೀನೇ ಕಣ್ಣ ಮುಂದಿತ್ತು. ಮಳೆನೀರು ಹರಿಯುವಾಗಲೇ ಮಕ್ಕಳನ್ನು ಕರೆದೊಯ್ದು, ಯಾವ ಹಳ್ಳ, ಯಾವ ಕಾಲುವೆ ಕೆರೆಯನ್ನು ತುಂಬಿಸುತ್ತದೆಂದು ತೋರಿಸದಿದ್ದರೆ, ಬರಗಾಲದಲ್ಲಿ ಯಾವ ದಾರಿಯ ಹೂಳು ತೆಗೆಯಬೇಕೆಂದು ಅವರಿಗೆ ಹೇಳುವವರಾರು?